ಡೀಸೆಲ್ ಗಾಡಿಗೆ ಫುಲ್ ಸಿಂಥೆಟಿಕ್ಕೋ, ಸೆಮಿ ಸಾಕೋ?

"ಫುಲ್ ಸಿಂಥೆಟಿಕ್ ಹಾಕ್ಲಾ ಸಾರ್, ಸೆಮಿ ಸಾಕಾ?" ದಾವಣಗೆರೆಯಲ್ಲಿ ಎಂಜಿನ್ ಆಯಿಲ್ ಬದಲಿಸಲು ಯಾವ ಗ್ಯಾರೇಜಿಗೆ ಗಾಡಿ ಬಿಟ್ಟರೂ ಈ ಪ್ರಶ್ನೆ ಬಂದೇ ಬರುತ್ತದೆ. ನಾವು ರೇಟು ಕೇಳಿ, ತಲೆ ಕೆರೆದುಕೊಂಡು, "ನಿಮಗೆ ಸರಿ ಅನ್ಸಿದ್ದು ಹಾಕಿ" ಅಂದುಬಿಡುತ್ತೇವೆ. ಎಡವುವುದು ಅಲ್ಲೇ. ಅದಕ್ಕೂ ಮುಂಚೆ ನೋಡಬೇಕಾದ್ದು ಬೇರೆ ಇದೆ.

ಮೊದಲು ಡ್ಯಾಶ್‌ಬೋರ್ಡಿನಲ್ಲಿ ಇನ್ಶೂರೆನ್ಸ್ ಕಾಗದದ ಕೆಳಗೆ ಬಿದ್ದಿರುವ ಮ್ಯಾನುಯಲ್ ತೆಗೆಯಿರಿ. ಎಂಜಿನ್ ಆಯಿಲ್ ಪುಟದಲ್ಲಿ ಗ್ರೇಡು, ಅಂದರೆ ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನೋ ಗುರುತು, ಇರುತ್ತದೆ: 15ಡಬ್ಲ್ಯು-40, 5ಡಬ್ಲ್ಯು-30, ಹೀಗೆ. ಜೊತೆಗೆ ಎಪಿಐ ಸಿಐ-4, ಸಿಕೆ-4 ಅಥವಾ ಎಸಿಇಎ ಸಿ2, ಸಿ3 ಅಂತ ಆಯಿಲ್ ಗುಣಮಟ್ಟದ ಇನ್ನೊಂದು ಗುರುತು. ಎರಡನ್ನೂ ಫೋಟೊ ಹೊಡೆದುಕೊಳ್ಳಿ. ಡಬ್ಬದ ಹಿಂದಿನ ಸಣ್ಣಕ್ಷರ ಇದಕ್ಕೆ ತಾಳೆಯಾಗಬೇಕು. ಮುಂದುಗಡೆ ದಪ್ಪಕ್ಷರದ 'ಸಿಂಥೆಟಿಕ್ ಟೆಕ್ನಾಲಜಿ' ನಂಬಬೇಡಿ, ಎಷ್ಟೋ ಸಲ ಒಳಗಿರುವುದು ಸೆಮಿ. ಸೆಮಿ ಅಂದರೆ ಮಿನರಲ್ ಆಯಿಲ್‌ಗೆ (ಕಚ್ಚಾ ತೈಲ ಸಂಸ್ಕರಿಸಿ ತೆಗೆದದ್ದು) ಸಿಂಥೆಟಿಕ್ (ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ್ದು) ಬೆರೆಸಿದ್ದು. ಎಷ್ಟು ಬೆರೆಸಿದ್ದಾರೆ ಅನ್ನೋದು ಕಂಪನಿಗೊಂದು ಥರ.

ಡಬ್ಲ್ಯುಗಿಂತ ಮೊದಲಿನ ಅಂಕಿ ಚಳಿಯ ಲೆಕ್ಕ. 15ಡಬ್ಲ್ಯು ಆಯಿಲ್‌ನ ಚಳಿ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ. ಚಿತ್ರದುರ್ಗದ ಕೋಟೆ ಮೇಲೆ ನಿಂತರೂ ಜನವರಿಯಲ್ಲಿ ಅಂಥ ಚಳಿ ಇಲ್ಲ ಅಲ್ವಾ? 'ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುತ್ತೆ' ಅನ್ನೋ ಒಂದೇ ಕಾರಣಕ್ಕೆ ನಮ್ಮ ಕಡೆ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಆಮೇಲೆ ಗಾಡಿ ಬಿಎಸ್-6 (ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಹೌದೋ ಅಲ್ಲವೋ ನೋಡಿ. 2020ರ ಏಪ್ರಿಲ್ 1ರಿಂದ ಮಾರಿದ ಹೊಸ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅನ್ನೋ ಸೋಸುಕ ಇರುತ್ತದೆ. ಅದರಲ್ಲಿ ಕೂತ ಮಸಿ ಸುಟ್ಟುಹೋಗುತ್ತದೆ. ಆಯಿಲ್‌ನಿಂದ ಬಂದ ಬೂದಿ ಮಾತ್ರ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಬೂದಿ ಕಡಿಮೆ ಇರುವ ಸಿ2, ಸಿ3 ಥರದ ಆಯಿಲ್ ಕೇಳುವುದು. ಇಂಥ ಗಾಡಿಗೆ ಆಯ್ಕೆಯ ಮಾತೇ ಇಲ್ಲ, ಮ್ಯಾನುಯಲ್ ಹೇಳಿದ್ದೇ ಹಾಕಿಸಿ. ನಮ್ಮ ಭಾವನ ಗಾಡಿಗೆ ಒಂದು ಗ್ಯಾರೇಜಿನಲ್ಲಿ "ಡೀಸೆಲ್‌ಗೆಲ್ಲಾ ಇದೇ" ಅಂತ ಡ್ರಮ್ಮಿನ ಲೂಸ್ ಆಯಿಲ್ ಸುರಿದಿದ್ದರು. ರಾತ್ರಿ ಬಿಲ್ಲು ನೋಡಿದಾಗ ಗೊತ್ತಾಯಿತು. ಮರುದಿನ ಎಲ್ಲಾ ಇಳಿಸಿ, ಫಿಲ್ಟರ್ ಸಮೇತ ಹೊಸದು ಹಾಕಿಸಿದೆವು. ಐದು ಲೀಟರ್ ಆಯಿಲ್‌ಗೆ ಎರಡು ಸಲ ದುಡ್ಡು!

ಹಳೆಯ ಬಿಎಸ್-3, ಬಿಎಸ್-4 ಗಾಡಿ, ಊರೊಳಗೆ ಅಷ್ಟಿಷ್ಟು ಓಡಾಟ, ಮ್ಯಾನುಯಲ್ಲೇ 15ಡಬ್ಲ್ಯು-40 ಸಾಕು ಅಂದಿದೆಯಾ? ಸೆಮಿ ಧಾರಾಳವಾಯಿತು. ಅದೇ ಟರ್ಬೊ (ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಫ್ಯಾನ್) ಇರುವ ಗಾಡಿಯಲ್ಲಿ ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿಬರುವವರಾದರೆ ನನ್ನ ಓಟು ಫುಲ್ ಸಿಂಥೆಟಿಕ್‌ಗೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅದನ್ನು ಕಾಯುವುದು ತೆಳು ಆಯಿಲ್ ಪದರ. ಏಪ್ರಿಲ್ ಬಿಸಿಲಲ್ಲಿ ಹೆದ್ದಾರಿ ಓಟಕ್ಕೆ ಸಿಂಥೆಟಿಕ್ ಬೇಗ ಕರಕಾಗುವುದಿಲ್ಲ. ಯಾವ ಆಯಿಲ್ ಇದ್ದರೂ, ಜೋರಾಗಿ ಓಡಿಸಿಕೊಂಡು ಬಂದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದು ನಿಮಿಷ ಸುಮ್ನೆ ಓಡಲಿ, ಟರ್ಬೊ ತಣ್ಣಗಾಗುತ್ತದೆ.

ದುಡ್ಡಿನ ಲೆಕ್ಕ ಸುಲಭ. ಸಿಂಥೆಟಿಕ್‌ಗೆ 1,200 ರೂಪಾಯಿ ಜಾಸ್ತಿ ಅಂದುಕೊಳ್ಳಿ. 10,000 ಕಿಲೋಮೀಟರ್‌ಗೆ ಹಂಚಿದರೆ ಕಿಲೋಮೀಟರ್‌ಗೆ 12 ಪೈಸೆ. ಹಾಗಂತ ದುಬಾರಿ ಆಯಿಲ್ ಹಾಕಿದ್ದೀನಿ ಅಂತ 20,000 ಎಳೆಯಬೇಡಿ. ಮ್ಯಾನುಯಲ್ ಹೇಳಿದ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದು. ಜಗಳೂರು ಕಡೆಯ ಧೂಳು ದಾರಿಯಲ್ಲೇ ದಿನಾ ಓಡಾಟ ಅಂದರೆ ಇನ್ನೂ ಬೇಗ.

ಹಾಕಿಸಿದ ವಾರದೊಳಗೇ ಆಯಿಲ್ ಕಪ್ಪಾದರೆ ಮೆಕ್ಯಾನಿಕ್ ಜೊತೆ ಜಗಳಕ್ಕೆ ಹೋಗಬೇಡಿ. ಡೀಸೆಲ್ ಮಸಿ ಅದು, ಮಾಮೂಲಿ. ನೋಡಬೇಕಾದ್ದು ಮಟ್ಟ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಡಿ. ಆಯಿಲ್ ಅಳೆಯುವ ಕಡ್ಡಿ (ಗೇಜು) ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಬಿಎಸ್-6 ಗಾಡಿಯಲ್ಲಿ ಅದು ಮೇಲಿನ ಗೆರೆ ದಾಟಿದ್ದು, ಮೂಸಿದರೆ ಡೀಸೆಲ್ ವಾಸನೆ ಬಂತಾ? ಡಿಪಿಎಫ್ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು ನಿಂತು ಡೀಸೆಲ್ ಆಯಿಲ್‌ಗೆ ಇಳಿದಿರಬಹುದು. ಗಾಡಿ ಓಡಿಸದೆ ಮೊದಲು ಗ್ಯಾರೇಜಿಗೆ ಫೋನ್ ಮಾಡಿ.