ಮೊದಲು ನೀರು ಅಳೆಯಿರಿ, ಆಮೇಲೆ ಮೇಣ ತನ್ನಿ

ನಮ್ಮ ಮಲೆನಾಡಿನಲ್ಲಿ ಮಳೆಗಾಲ ಅಂದರೆ ಕರೆಂಟು ಕೈಕೊಡುವ ಕಾಲ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತಿಯ ಮೇಲೆ ಒಂದು ಮರ ಬಿದ್ದರೆ ಸಾಕು, ಎರಡು ದಿನ ಕತ್ತಲೆ. ಅಂಗಡಿಯ ಉದ್ದ ಮೇಣದಬತ್ತಿ ಜಗಲಿಯ ಗಾಳಿಗೆ ಓರೆಯಾಗಿ ಉರಿದು, ಅರ್ಧ ಮೇಣ ತಟ್ಟೆಗೆ ಸುರಿದುಹೋಗುತ್ತದೆ. ಅದಕ್ಕೇ ನಾನು ಲೋಟದಲ್ಲಿ, ಬಾಟಲಿಯಲ್ಲಿ ಮೇಣದಬತ್ತಿ ಎರೆದು ಇಟ್ಟುಕೊಳ್ಳುತ್ತೇನೆ. ಕರಗಿದ ಮೇಣ ಅಲ್ಲೇ ಇರುತ್ತದೆ, ಅಲ್ಲೇ ಉರಿಯುತ್ತದೆ.

ತಾವೂ ಮಾಡ್ತೀವಿ ಅಂತ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ, "ಚಿಕ್ಕಮ್ಮಾ, ಎಷ್ಟು ಮೇಣ ತರಲಿ?"

ಮೊದಲ ಸಲ ನಾನು ಅಂದಾಜಿನ ಮೇಲೆ ಹೋಗಿದ್ದೆ. ದೀಪಾವಳಿಗೆ ಆರು ಗಾಜಿನ ಲೋಟ ಜೋಡಿಸಿಕೊಂಡು, ಶಿವಮೊಗ್ಗದ ಗಾಂಧಿ ಬಜಾರಿನಿಂದ ಅರ್ಧ ಕೆಜಿ ಪ್ಯಾರಾಫಿನ್ ಮೇಣ ತರಿಸಿದೆ. ಕರಗಿಸಿ ಹೊಯ್ದರೆ ಆರೂ ಲೋಟ ಹೆಚ್ಚುಕಡಿಮೆ ತುಂಬಿದವು. ಸರಿಯಾಗಿಯೇ ತರಿಸಿದೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಆರರಲ್ಲೂ ಬತ್ತಿಯ ಸುತ್ತ ಗುಳಿ ಬಿದ್ದಿದೆ. ಒಂದರಲ್ಲಂತೂ ಕಿರುಬೆರಳು ಇಳಿಯುವಷ್ಟು ಆಳ. ತುಂಬೋಣ ಅಂದರೆ ಚೂರು ಮೇಣ ಉಳಿದಿಲ್ಲ. ಹಬ್ಬದ ದಿನ ಮತ್ತೆ ಶಿವಮೊಗ್ಗಕ್ಕೆ ಯಾರು ಹೋಗುತ್ತಾರೆ? ತುಂಬಾ ಬೇಜಾರಾಯಿತು.

ಆಗ ತಿಳಿಯಿತು. ಮೇಣ ಕರಗಿದಾಗ ಹಿಗ್ಗುತ್ತದೆ, ಗಟ್ಟಿಯಾಗುವಾಗ ಕುಗ್ಗುತ್ತದೆ. ಅಂಚು ಮೊದಲು ಗಟ್ಟಿಯಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ. ನಡುವಿನದು ಕೊನೆಗೆ ಆರುತ್ತದೆ, ಹಾಗಾಗಿ ಅಲ್ಲೇ ಕುಸಿಯುತ್ತದೆ. ಬಿಸಿಯಲ್ಲಿ ತುಂಬಿದ ಲೋಟ ತುಂಬಿದ ಲೋಟವಲ್ಲ.

ಈಗ ನಾನು ಮಾಡುವುದು ಹೀಗೆ. ಅಂಚಿನಿಂದ ಒಂದು ಬೆರಳ ದಪ್ಪ ಬಿಟ್ಟು ಲೋಟಕ್ಕೆ ನೀರು ತುಂಬುತ್ತೇನೆ. ಆ ನೀರನ್ನು ಅಳೆಯುತ್ತೇನೆ. ನೀರು ಒಂದು ಎಂ.ಎಲ್. ಅಂದರೆ ಒಂದು ಗ್ರಾಂ, ಇದು ನಮಗೆ ದೊಡ್ಡ ಅನುಕೂಲ. ಅಡುಗೆಮನೆಯ ತಕ್ಕಡಿ ಇದ್ದರೆ ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ನೀರು ಹೊಯ್ಯಿರಿ. ತಕ್ಕಡಿ ಇಲ್ಲದಿದ್ದರೆ ಮಗುವಿನ ಹಾಲಿನ ಬಾಟಲಿಯ ಗೆರೆ ಸಾಕು. ಪ್ಯಾರಾಫಿನ್ ಮೇಣ ನೀರಿಗಿಂತ ಹಗುರ, ನೀರು ನೂರು ಗ್ರಾಂ ಹಿಡಿಯುವ ಜಾಗಕ್ಕೆ ಮೇಣ ಸುಮಾರು 90 ಗ್ರಾಂ. ಅಂದರೆ ನೀರಿನ ತೂಕದಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ, ಅಷ್ಟೇ. ನನ್ನ ಲೋಟಕ್ಕೆ 110 ಎಂ.ಎಲ್. ನೀರು ಹಿಡಿಯುತ್ತದೆ. ಮೇಣ 99 ಗ್ರಾಂ. ಆರು ಲೋಟಕ್ಕೆ 594. ನಾನು ತಂದದ್ದು 500! ಪಾತ್ರೆಗೆ, ಸೌಟಿಗೆ ಅಂಟಿಕೊಳ್ಳುವುದಕ್ಕೆ ಅಂತ ಇನ್ನೊಂದು 20 ಗ್ರಾಂ ಜಾಸ್ತಿ ಇಟ್ಟುಕೊಳ್ಳಿ.

ಆದರೆ ಅಷ್ಟನ್ನೂ ಒಂದೇ ಸಲ ಹೊಯ್ಯಲು ಆಗುವುದಿಲ್ಲ. 200 ಎಂ.ಎಲ್. ಹಿಡಿಯುವ ಜಾಮ್ ಬಾಟಲಿಗೆ 180 ಗ್ರಾಂ ಮೇಣ ಬೇಕು ಅನ್ನಿ. ಕರಗಿದಾಗ ಸುಮಾರು 150 ಗ್ರಾಮಿಗೇ ಬಾಟಲಿ ತುಂಬಿಬಿಡುತ್ತದೆ. ಲೆಕ್ಕ ತಪ್ಪಿತು ಅಂತ ಗಾಬರಿಯಾಗಬೇಡಿ. ಉಳಿದ 30 ಗ್ರಾಂ ಆ ಗುಳಿಯ ಪಾಲು. ನಡುವೆ ಕುಸಿದು ಗಟ್ಟಿಯಾದ ಮೇಲೆ ಬತ್ತಿಯ ಪಕ್ಕ ಕಡ್ಡಿಯಿಂದ ಎರಡು ಕಡೆ ಚುಚ್ಚಿ. ಒಳಗೆ ಪೊಳ್ಳು ಇದ್ದರೆ ತೆರೆದುಕೊಳ್ಳುತ್ತದೆ. ಉಳಿದ ಮೇಣವನ್ನು ಮೊದಲಿಗಿಂತ ತುಸು ಜಾಸ್ತಿ ಬಿಸಿ ಮಾಡಿ ಹೊಯ್ಯಿರಿ. ಆಗ ಹಳೆಯದು ಹೊಸದು ಒಂದಾಗುತ್ತದೆ.

ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದ್ದವರು ತುಪ್ಪ ತೆಗೆದ ಮೇಲೆ ಎರಿಯನ್ನು ಎಸೆಯಬೇಡಿ. ನೀರಿನಲ್ಲಿ ಕಾಯಿಸಿ ಬಟ್ಟೆಯಲ್ಲಿ ಸೋಸಿದರೆ ಒಳ್ಳೆಯ ಮೇಣ ಸಿಗುತ್ತದೆ. ಆರಿದ ಮೇಲೆ ನೀರಿನ ಮೇಲೆ ಹಳದಿ ಬಿಲ್ಲೆಯಾಗಿ ನಿಂತಿರುತ್ತದೆ, ಕೈಗೆತ್ತಿಕೊಂಡರೆ ಇಡೀ ಅಂಗೈ ಜೇನಿನ ವಾಸನೆ. ಈ ಜೇನುಮೇಣ ಪ್ಯಾರಾಫಿನ್‌ಗಿಂತ ಸ್ವಲ್ಪ ಭಾರ. 200 ಎಂ.ಎಲ್. ಬಾಟಲಿಗೆ 190 ಗ್ರಾಂ ಬೇಕು. ಬತ್ತಿಯೂ ದಪ್ಪ ಇರಲಿ.

ಪರಿಮಳಕ್ಕೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕುವುದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನೂರು ಗ್ರಾಂ ಮೇಣಕ್ಕೆ ಆರು ಗ್ರಾಂ ಎಣ್ಣೆ ಸಾಕು. 180 ಬೇಕಿದ್ದಲ್ಲಿ ಮೇಣ 170, ಎಣ್ಣೆ 10.

ಮಣ್ಣಿನ ಕುಡಿಕೆಗೆ ಸುಮ್ನೆ ನೀರು ಹೊಯ್ದು ಅಳೆಯಬೇಡಿ. ಅದು ನೀರು ಕುಡಿಯುತ್ತದೆ, ಆಮೇಲೆ ಆ ಪಸೆ ಬತ್ತಿಗೆ ಸೇರಿ ಚಟಪಟ ಅನ್ನುತ್ತದೆ. ಒಳಗೆ ಪ್ಲಾಸ್ಟಿಕ್ ಕವರ್ ಹಾಸಿ ಅದರಲ್ಲಿ ನೀರು ತುಂಬಿ ಅಳೆಯಿರಿ. ಗಾಜಿನ ಲೋಟವನ್ನೂ ಅಳೆದ ಮೇಲೆ ಚೆನ್ನಾಗಿ ಒರೆಸಬೇಕು. ಆಷಾಢದಲ್ಲಿ ನಮ್ಮಲ್ಲಿ ಒರೆಸಿದ ಬಟ್ಟೆಯೇ ಒಣಗುವುದಿಲ್ಲ, ಅಲ್ವಾ? ಹಾಗಾಗಿ ನಾನು ಲೋಟ, ಬತ್ತಿ ಎರಡನ್ನೂ ಹಿಂದಿನ ದಿನವೇ ಬಚ್ಚಲ ಒಲೆಯ ಹತ್ತಿರ ಬೆಚ್ಚಗೆ ಇಡುತ್ತೇನೆ. ಬೆಚ್ಚಗಿನ ಗಾಜು ಬಿಸಿ ಮೇಣಕ್ಕೆ ಒಡೆಯುವ ಭಯವೂ ಕಡಿಮೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಅಲ್ಲಿಂದ ಏಳಬೇಡಿ. ಅಪ್ಪಿತಪ್ಪಿ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಒಲೆ ಆರಿಸಿ, ಮುಚ್ಚಳ ಮುಚ್ಚಿ.

ನನ್ನ ಮೇಣದ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಗಾಜಿನ ಲೋಟ 99, ಜಾಮ್ ಬಾಟಲಿ 180, ಸಣ್ಣ ಕುಡಿಕೆ 45. ಈ ಸಲ ನಾಲ್ಕು ಲೋಟ, ಎರಡು ಬಾಟಲಿ ಮಾಡಬೇಕು ಅಂತಿದ್ದೇನೆ. 756 ಆಯಿತು. ಪೇಟೆಗೆ ಹೋಗುವವರ ಕೈಯಲ್ಲಿ 800 ಗ್ರಾಂ ಅಂತ ಬರೆದು ಕಳಿಸಿದ್ದೇನೆ.