ಬಿಸಿಲಿಗೆ ಬೈಕ್ ಜಾಕೆಟ್: ಗಾಳಿ ಜಾಲರಿಯಿಂದ ಬರಲಿ, ಸಡಿಲದಿಂದಲ್ಲ

ಬೇಸಿಗೆಗೆಂದು ರೈಡಿಂಗ್ ಜಾಕೆಟ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಹೇಳುವ ಮಾತು: ‘ಒಂದು ಸೈಜ್ ದೊಡ್ಡದೇ ಕೊಡಿ, ಒಳಗೆ ಗಾಳಿ ಆಡ್ಲಿ.’ ಅಂಗಡಿಯವರಿಗೂ ಅದೇ ಸಲೀಸು. ಸರಿಯಾದ ಸೈಜ್ ಸ್ಟಾಕ್ ಇಲ್ಲದಿದ್ದರೂ ವ್ಯಾಪಾರ ಮುಗಿಯುತ್ತದೆ. ಆದರೆ ಬಿದ್ದಾಗ ಆ ಸಡಿಲ ತೋಳು ರಸ್ತೆಗೆ ತಾಗಿದ ಕೂಡಲೇ ತಿರುಚಿಕೊಳ್ಳುತ್ತದೆ. ಮೊಣಕೈ ಮೇಲಿರಬೇಕಾದ ಆರ್ಮರ್ (ಪೆಟ್ಟು ತಡೆಯುವ ಪ್ಯಾಡ್) ಪಕ್ಕಕ್ಕೆ ಸರಿದು, ನೆಲಕ್ಕೆ ಬಡಿಯುವುದು ಮೂಳೆಯೇ. ಗಾಳಿ ಬೇಕು ನಿಜ, ಅದು ಬಟ್ಟೆಯ ಜಾಲರಿಯಿಂದ ಬರಬೇಕು. ದೊಡ್ಡ ಸೈಜಿನಿಂದ ಬರುವುದು ಗಾಳಿಯಲ್ಲ, ಪಟಪಟ ಸದ್ದು.

ಮೊದಲು, ನಿಮ್ಮ ಊರಿನ ಬಿಸಿಲು ಯಾವುದು?

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್–ಮೇನಲ್ಲಿ ಒಣ ಬಿಸಿಲು 40 ಡಿಗ್ರಿ ದಾಟುತ್ತದೆ. ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದಾಗ ಅದು ಮೈಗೆ ಶಾಖ ಕೊಡುತ್ತದೆಯೇ ಹೊರತು ತೆಗೆದುಕೊಂಡು ಹೋಗುವುದಿಲ್ಲ. ತಂಪು ಮಾಡುವುದು ಬೆವರು ಆರುವ ಕ್ರಿಯೆ ಮಾತ್ರ. 42 ಡಿಗ್ರಿಯಲ್ಲಿ ಇಡೀ ಮೈ ಮೆಶ್ (ಜಾಲರಿ ಬಟ್ಟೆ) ಇರುವ ಜಾಕೆಟ್ ಹಾಕಿ ಹೆದ್ದಾರಿಯಲ್ಲಿ ಹೋದರೆ ಒಲೆಯ ಮುಂದೆ ಫ್ಯಾನ್ ಇಟ್ಟು ಕೂತಂತೆ. ಈ ಕಡೆಯವರಿಗೆ ಎದೆ, ಬೆನ್ನಿನಲ್ಲಿ ಮಾತ್ರ ಮೆಶ್ ಇದ್ದು, ಜಿಪ್ ಎಳೆದು ಮುಚ್ಚಬಹುದಾದ ಗಾಳಿಕಿಂಡಿಗಳಿರುವ ಜಾಕೆಟ್ ಲೇಸು.

ಮಂಗಳೂರು, ಉಡುಪಿ, ಕಾರವಾರದ ಸೆಕೆ ಬೇರೆ. ತಾಪ ಕಡಿಮೆ, ತೇವಾಂಶ ಹೆಚ್ಚು. ಬೆವರು ಆರುವುದೇ ಇಲ್ಲ. ಅಲ್ಲಿ ಎಷ್ಟು ಗಾಳಿ ಹಾಯುತ್ತದೋ ಅಷ್ಟು ಒಳ್ಳೆಯದು, ಪೂರ್ತಿ ಮೆಶ್ ತೆಗೆದುಕೊಳ್ಳಿ. ಬೆಂಗಳೂರಿನಂಥ ಊರಲ್ಲಿ ತೊಂದರೆ ಬಿಸಿಲಿಗಿಂತ ಸಿಗ್ನಲ್‌ನದು. ನಿಂತ ಬೈಕಿನ ಮೇಲೆ ಯಾವ ಮೆಶ್ಶೂ ಕೆಲಸ ಮಾಡುವುದಿಲ್ಲ. ಇಲ್ಲಿ ನೋಡಬೇಕಾದದ್ದು ತೂಕ, ಮತ್ತು ಗ್ಲೌಸ್ ಹಾಕಿದ ಕೈಯಲ್ಲೇ ಕೆಳಗಿಳಿಸಬಹುದಾದ ದೊಡ್ಡ ಹಿಡಿಕೆಯ ಮುಂಭಾಗದ ಜಿಪ್.

ಎರಡನೆಯದು, ಲೇಬಲ್ ಓದುವುದು

ನಮ್ಮಲ್ಲಿ ಕಾನೂನು ಕೇಳುವುದು ಹೆಲ್ಮೆಟ್ ಮಾತ್ರ. ಅದಕ್ಕೆ ಐಎಸ್‌ಐ ಗುರುತು ಬೇಕು. ಜಾಕೆಟ್‌ಗೆ ಅಂಥ ಒತ್ತಾಯವಿಲ್ಲದ ಕಾರಣ ಒಳ್ಳೆಯ ಕಂಪನಿಗಳು ಯುರೋಪಿನ ಮಾನದಂಡ ಹಿಡಿಯುತ್ತವೆ, ಉಳಿದವು ‘ಸಿಇ’ ಎಂಬ, ಯುರೋಪಿನ ಸುರಕ್ಷತಾ ಗುರುತಿನ ಎರಡಕ್ಷರ ಅಂಟಿಸಿ ಸುಮ್ಮನಾಗುತ್ತವೆ. ಅತಿ ಹೆಚ್ಚು ಜನ ಮೋಸಹೋಗುವ ಜಾಗ ಇದು: ‘ಸಿಇ ಸರ್ಟಿಫೈಡ್ ಆರ್ಮರ್’ ಎಂದರೆ ಒಳಗಿನ ಪ್ಯಾಡ್‌ಗೆ ಪರೀಕ್ಷೆ ಆಗಿದೆ ಎಂದಷ್ಟೇ. ಪ್ಯಾಡನ್ನು ಹಿಡಿದಿಟ್ಟುಕೊಳ್ಳಬೇಕಾದ ಬಟ್ಟೆ, ಹೊಲಿಗೆಗೆ ಯಾವ ಪರೀಕ್ಷೆಯೂ ಆಗಿಲ್ಲದಿರಬಹುದು. ಒಳ್ಳೆಯ ಆರ್ಮರ್, ಸೀರೆಯಂಗಡಿಯ ಲೈನಿಂಗ್ ಬಟ್ಟೆ – ಇಂಥ ಜೋಡಿ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ.

ಇಡೀ ಜಾಕೆಟ್‌ನ ಪರೀಕ್ಷೆಗೆ ಯುರೋಪಿನ ಮಾನದಂಡದ ಇಎನ್ 17092 ಎಂಬ ಸಂಖ್ಯೆ. ಜಾಕೆಟ್ ಒಳಗೆ ಹೊಲಿದ ಪಟ್ಟಿಯಲ್ಲಿ ಬೈಕ್ ಸವಾರನ ಚಿತ್ರ, ಈ ಸಂಖ್ಯೆ, ಜತೆಗೆ ದರ್ಜೆಯ ಅಕ್ಷರ ಇರಬೇಕು: ಎಎಎ, ಎಎ, ಎ, ಬಿ ಅಥವಾ ಸಿ. ಬಟ್ಟೆಯ ತುಂಡನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಕಾಂಕ್ರೀಟ್ ಹಲಗೆಯ ಮೇಲೆ ಬಿಡುತ್ತಾರೆ. ತಿರುಗುವುದು ನಿಲ್ಲುವಷ್ಟರಲ್ಲಿ ತೂತು ಬೀಳಬಾರದು. ಭುಜ, ಮೊಣಕೈ ಭಾಗದ ಬಟ್ಟೆಗೆ ಎ ದರ್ಜೆಯಲ್ಲಿ ಇದು ಗಂಟೆಗೆ ಸುಮಾರು 45 ಕಿ.ಮೀ. ವೇಗಕ್ಕೆ ಸಮ, ಎಎಯಲ್ಲಿ 70, ಎಎಎಯಲ್ಲಿ 120. ಇವು ಪ್ರಯೋಗಾಲಯದ ಅಂಕಿಗಳು. 70ರಲ್ಲಿ ಬಿದ್ದರೆ ಏನೂ ಆಗದು ಎಂಬ ಭರವಸೆಯಲ್ಲ. ಬಿ ದರ್ಜೆಯ ಬಟ್ಟೆ ಎ ದರ್ಜೆಯಷ್ಟೇ ತಡೆಯುತ್ತದೆ, ಆದರೆ ಆರ್ಮರ್ ಇರುವುದಿಲ್ಲ. ಸಿ ಎಂದರೆ ಆರ್ಮರ್ ಹಿಡಿದಿಡುವ ಬಲೆ ಅಂಗಿ ಅಷ್ಟೇ. ಅದರ ಮೇಲೆ ಇನ್ನೊಂದು ಗಟ್ಟಿ ಬಟ್ಟೆ ಬೇಕೇ ಬೇಕು. ‘ಬೇಸಿಗೆಗೆ ಹೇಳಿ ಮಾಡಿಸಿದ್ದು’ ಎಂದು ಇದೊಂದನ್ನೇ ಮಾರುವವರನ್ನು ನಂಬಬೇಡಿ.

ಪೂರ್ತಿ ಮೆಶ್ ಜಾಕೆಟ್‌ಗಳು ಬಹುಪಾಲು ಎ ದರ್ಜೆಯವು. ಊರೊಳಗೆ ಅದು ಸಾಕು. ವಾರಕ್ಕೊಮ್ಮೆಯಾದರೂ ಹೆದ್ದಾರಿ ಹಿಡಿಯುವವರು ಎಎ ಹುಡುಕಿ. ಸಿಗುತ್ತದೆ, ಸ್ವಲ್ಪ ಭಾರ, ಸ್ವಲ್ಪ ದುಬಾರಿ. ಅನುಮಾನ ಬಂದರೆ ಆ ಮಾದರಿಯ ‘ಡಿಕ್ಲರೇಷನ್ ಆಫ್ ಕನ್ಫರ್ಮಿಟಿ’ (ಮಾನದಂಡಕ್ಕೆ ಹೊಂದುತ್ತದೆ ಎಂಬ ಕಂಪನಿಯ ಘೋಷಣಾಪತ್ರ) ಕೇಳಿ. ನಿಜವಾಗಿ ಪರೀಕ್ಷೆ ಮಾಡಿಸಿದ ಕಂಪನಿ ಅದನ್ನು ತನ್ನ ಜಾಲತಾಣದಲ್ಲೇ ಇಟ್ಟಿರುತ್ತದೆ.

ಮೂರನೆಯದು, ಬಟ್ಟೆ ಮತ್ತು ಹೊಲಿಗೆ

ಡೀನಿಯರ್ ಸಂಖ್ಯೆಗೆ ಮರುಳಾಗಬೇಡಿ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದಷ್ಟೇ ಅದರ ಲೆಕ್ಕ. 600 ಡೀನಿಯರ್ ಸಾದಾ ಪಾಲಿಯೆಸ್ಟರ್‌ಗಿಂತ 500 ಡೀನಿಯರ್ ಕಾರ್ಡುರಾ ನೈಲಾನ್ ಹೆಚ್ಚು ಉಜ್ಜಾಟ ತಾಳುತ್ತದೆ. ನೋಡಬೇಕಾದದ್ದು ಮೆಶ್ ಎಲ್ಲಿದೆ ಎಂಬುದನ್ನು. ಎದೆ, ತೋಳಿನ ಒಳಬದಿ, ಬೆನ್ನಿನ ನಡುಭಾಗದಲ್ಲಿ ಇರಲಿ. ಭುಜದ ತುದಿ, ಮೊಣಕೈ, ಮುಂಗೈಯ ಹೊರಬದಿ ಮೊದಲು ನೆಲಕ್ಕೆ ತಾಗುವ ಜಾಗಗಳು. ಅಲ್ಲಿ ಒತ್ತಾದ ಗಟ್ಟಿ ಬಟ್ಟೆಯೇ ಬೇಕು. ಜಾಕೆಟ್ ಒಳಹೊರಗು ತಿರುವಿ, ಈ ಜಾಗಗಳ ಹೊಲಿಗೆ ಎಷ್ಟು ಸಾಲು ಎಂದು ಎಣಿಸಿ. ಒಂದೇ ಸಾಲಿದ್ದರೆ ವಾಪಸ್ ಇಡಿ. ಬಟ್ಟೆ ಸವೆಯುವ ಮೊದಲೇ ಹೊಲಿಗೆ ಬಿಚ್ಚಿಕೊಂಡರೆ ದರ್ಜೆ, ಡೀನಿಯರ್ ಯಾವುದೂ ಕಾಯುವುದಿಲ್ಲ.

ಹೊರಗೆ ದೊಡ್ಡ ದೊಡ್ಡ ತೂತಿನ ಮೆಶ್, ಒಳಗೆ ಗಾಳಿಯಾಡದ ಮಿರುಗು ಲೈನಿಂಗ್ – ಇದೂ ಮಾಮೂಲಿ. ಎದೆಯ ಭಾಗಕ್ಕೆ ಬಾಯಿ ಹತ್ತಿರ ಹಿಡಿದು ಊದಿ, ಒಳಗೆ ಅಂಗೈ ಇಡಿ. ಉಸಿರು ತಾಗದಿದ್ದರೆ ಅದು ಬೇಸಿಗೆ ಜಾಕೆಟ್ ಅಲ್ಲ. ಬೆನ್ನಿನಲ್ಲೂ ಹೀಗೇ ನೋಡಿ, ಒಳಬಂದ ಗಾಳಿಗೆ ಹೊರಹೋಗುವ ದಾರಿ ಬೇಕಲ್ಲ. ಅಂದಹಾಗೆ, ಬೆನ್ನಿಗೆ ಬ್ಯಾಗ್ ಏರಿಸಿದರೆ ಆ ದಾರಿ ಬಂದ್. ಸಾಮಾನನ್ನು ಟ್ಯಾಂಕ್ ಬ್ಯಾಗ್‌ಗೋ ಸ್ಯಾಡಲ್ ಬ್ಯಾಗ್‌ಗೋ ಹಾಕಿ.

ರೆಗ್ಜಿನ್ ಜಾಕೆಟ್, ಫ್ಯಾಷನ್ ಅಂಗಡಿಯ ತೆಳು ಚರ್ಮದ ಜಾಕೆಟ್, ಬರಿಗೈಗೆ ಎಳೆದುಕೊಳ್ಳುವ ಲೈಕ್ರಾ ತೋಳು: ಇವು ಬಿಸಿಲು, ಗಾಳಿ ತಡೆಯಬಹುದು, ಡಾಂಬರನ್ನು ತಡೆಯುವುದಿಲ್ಲ.

ನಾಲ್ಕನೆಯದು, ಅಳತೆ

ಇಲ್ಲಿ ಆತುರ ಬೇಡ. ಅರ್ಧ ಗಂಟೆ ಇಟ್ಟುಕೊಂಡು, ಜತೆಗೊಬ್ಬರನ್ನು ಕರೆದುಕೊಂಡು, ನಿಮ್ಮ ಬೈಕಿನಲ್ಲೇ ಹೋಗಿ.

ಟೀಶರ್ಟ್ ಮೇಲೆ, ಕಂಕುಳ ಕೆಳಗೆ ಟೇಪ್ ಸುತ್ತಿ ಎದೆಯ ಅಳತೆ ತೆಗೆದುಕೊಳ್ಳಿ. ಹೊಟ್ಟೆ ಮುಂದಿದ್ದರೆ ಅದರ ಅಳತೆಯೂ ಬೇಕು. ಕಂಪನಿಯ ಸ್ವಂತ ಪಟ್ಟಿಯನ್ನೇ ನೋಡಿ. ಒಂದು ಕಂಪನಿಯ ಎಲ್ ಇನ್ನೊಂದರ ಎಂ ಆಗಿರುತ್ತದೆ. ಹೊಟ್ಟೆಗೆ ಹೊಂದಲೆಂದು ದೊಡ್ಡ ಸೈಜ್ ತೆಗೆದುಕೊಂಡರೆ ಭುಜ ಜಾರುತ್ತದೆ. ಭುಜಕ್ಕೆ ಸರಿಯಾದದ್ದನ್ನು ಆರಿಸಿ, ಸೊಂಟದ ಪಟ್ಟಿ ಸಡಿಲಿಸಿ ನೋಡಿ. ಆಗದಿದ್ದರೆ ಬೇರೆ ಕಂಪನಿ ನೋಡಿ. ಹೆಂಗಸರಿಗೆ ಗಂಡಸರ ಸ್ಮಾಲ್ ಸೈಜ್ ಹೊಂದಿಸುವುದು ಇನ್ನೊಂದು ತಪ್ಪು. ಅದರ ಭುಜದ ಆರ್ಮರ್ ರಟ್ಟೆಗೆ ಇಳಿದು ನೇತಾಡುತ್ತದೆ. ಅವರಿಗೆಂದೇ ಕತ್ತರಿಸಿದ ಜಾಕೆಟ್‌ಗಳು ಇವೆ, ಅವನ್ನೇ ಕೇಳಿ.

ಮಳೆ ಲೈನರ್, ಚಳಿ ಲೈನರ್ (ಒಳಗೆ ಜೋಡಿಸುವ, ಬಿಚ್ಚಬಹುದಾದ ಪದರ) ಎಲ್ಲ ಬಿಚ್ಚಿಟ್ಟು, ಬೇಸಿಗೆಯಲ್ಲಿ ಹಾಕುವ ತೆಳು ಅಂಗಿಯ ಮೇಲೆ ಜಾಕೆಟ್ ಹಾಕಿ. ಲೈನರ್ ಸಮೇತ ಅಳೆದ ಜಾಕೆಟ್ ಮೇ ತಿಂಗಳಲ್ಲಿ ಒಂದು ಸೈಜ್ ದೊಡ್ಡದಾಗಿರುತ್ತದೆ. ಜಿಪ್ ಪೂರ್ತಿ ಹಾಕಿ, ಮೊದಲು ಸೊಂಟದ ಪಟ್ಟಿ, ಆಮೇಲೆ ರಟ್ಟೆಯದು, ಕೊನೆಗೆ ಮುಂಗೈಯದು ಬಿಗಿಮಾಡಿ. ಮೇಲಿನಿಂದ ಶುರುಮಾಡಿದರೆ ಜಾಕೆಟ್ ಮೇಲಕ್ಕೇ ಕೂತುಬಿಡುತ್ತದೆ.

ಈಗ ಕನ್ನಡಿ ಮುಂದೆ ನಿಲ್ಲಬೇಡಿ, ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ನಿಂತಾಗ ಸರಿಯಾಗಿದ್ದ ತೋಳು ಕೈ ಚಾಚಿದಾಗ ಎರಡು–ಮೂರು ಸೆಂ.ಮೀ. ಹಿಂದೆ ಸರಿಯುತ್ತದೆ. ಆಗಲೂ ಮಣಿಕಟ್ಟಿನ ಮೂಳೆ ಮುಚ್ಚಿರಬೇಕು. ಮೊಣಕೈ ಮಡಿಸಿದಾಗ ಅದರ ತುದಿ ಆರ್ಮರ್‌ನ ಗುಳಿಯೊಳಗೆ ಕೂರಬೇಕು, ಮುಂಗೈ ಮೂಳೆಯ ಮೇಲ್ಭಾಗವೂ ಮುಚ್ಚಿರಬೇಕು. ಕೂರುತ್ತಿಲ್ಲವೇ? ಒಳ್ಳೆಯ ಜಾಕೆಟ್‌ಗಳಲ್ಲಿ ಆರ್ಮರ್ ಜೇಬನ್ನು ಮೇಲೆ ಕೆಳಗೆ ಸರಿಸಲು ವೆಲ್ಕ್ರೋ ಇರುತ್ತದೆ. ಎಷ್ಟೋ ಜನ ವರ್ಷಗಟ್ಟಲೆ ಹಾಕಿಯೂ ಅದನ್ನು ನೋಡಿರುವುದಿಲ್ಲ.

ಆಮೇಲಿನದು ತಿರುಚುವ ಪರೀಕ್ಷೆ. ಜತೆಗೆ ಬಂದವರು ನಿಮ್ಮ ಮೊಣಕೈ ಆರ್ಮರನ್ನು ಹೊರಗಿನಿಂದ ಹಿಡಿದು ಎಡಕ್ಕೂ ಬಲಕ್ಕೂ ಜೋರಾಗಿ ತಿರುಗಿಸಲಿ. ಮೂಳೆಯ ಮೇಲಿಂದ ಅದು ಜಾರಿದರೆ ಪಟ್ಟಿ ಇನ್ನಷ್ಟು ಬಿಗಿಮಾಡಿ ಮತ್ತೊಮ್ಮೆ ನೋಡಿ. ಮತ್ತೂ ಜಾರಿದರೆ ಒಂದು ಸೈಜ್ ಕಡಿಮೆ ತರಿಸಿ. ಭುಜಕ್ಕೂ ಇದೇ ಪರೀಕ್ಷೆ. ಇನ್ನೊಂದು, ಹಿಂದಿನಿಂದ ಜಾಕೆಟ್‌ನ ಅಂಚು ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಬೆಲ್ಟ್ ಕಾಣಿಸಿದರೆ, ಜಾರಿ ಬಿದ್ದಾಗ ಸೊಂಟದ ಚರ್ಮ ಕಾಣಿಸುತ್ತದೆ. ಪ್ಯಾಂಟಿಗೆ ಜೋಡಿಸುವ ಜಿಪ್ ಇದ್ದರೆ ಬಳಸಿ, ಅದಿರುವುದೇ ಇದಕ್ಕೆ.

ಹೆಲ್ಮೆಟ್ ಹಾಕಿ ಹಿಂತಿರುಗಿ ನೋಡಿ, ಕಾಲರ್ ತಗಲಬಾರದು. ಪೂರ್ತಿ ಉಸಿರು ಎಳೆಯಿರಿ; ಎದೆ ಕಟ್ಟಬಾರದು. ಬಿಗಿ ಅತಿಯಾಗುವುದೂ ತಪ್ಪೇ. ರಟ್ಟೆಯ ಪಟ್ಟಿ ತೀರಾ ಬಿಗಿಯಾದರೆ ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯುತ್ತದೆ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್’ ಎನ್ನುವುದು ಚರ್ಮದ ಜಾಕೆಟ್‌ಗೆ ಸರಿ, ಪಾಲಿಯೆಸ್ಟರ್‌ಗೆ ಸುಳ್ಳು.

ಆನ್‌ಲೈನ್‌ನಲ್ಲಿ ತರಿಸಿದರೂ ಇಷ್ಟನ್ನೂ ಮನೆಯಲ್ಲಿ ಮಾಡಿ. ಟ್ಯಾಗ್ ಕೀಳುವ ಮೊದಲು.

ಐದನೆಯದು, ಆರ್ಮರ್

ಭುಜ, ಮೊಣಕೈಯದಕ್ಕೆ ಇಎನ್ 1621-1, ಬೆನ್ನಿಗೆ 1621-2, ಎದೆಗೆ 1621-3. ಸಂಖ್ಯೆ ಪ್ಯಾಡ್ ಮೇಲೇ ಅಚ್ಚಾಗಿರುತ್ತದೆ. ಜೇಬಿನಿಂದ ತೆಗೆದು ನೋಡಿ. ಲೆವೆಲ್ 1, ಲೆವೆಲ್ 2 ಎಂಬ ವ್ಯತ್ಯಾಸ ಸಣ್ಣದಲ್ಲ. ಒಂದೇ ಹೊಡೆತಕ್ಕೆ ಮೊಣಕೈ ಆರ್ಮರ್‌ನಿಂದ ಒಳಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಬೆನ್ನಿನದಕ್ಕೆ ಈ ಮಿತಿ 18 ಮತ್ತು 9.

ಬಿಸಿಲಿನ ಊರಿನವರು ಹುಡುಕಬೇಕಾದ ಇನ್ನೊಂದು ಗುರುತು ‘ಟಿ+’. ಮೆತ್ತನೆಯ ಆರ್ಮರ್ ಶಾಖಕ್ಕೆ ಇನ್ನೂ ಮೆತ್ತಗಾಗುತ್ತದೆ. 40 ಡಿಗ್ರಿಯಲ್ಲೂ ಪರೀಕ್ಷೆ ಪಾಸಾದದ್ದಕ್ಕೆ ಮಾತ್ರ ಈ ಗುರುತು. ಇದು ಕಡ್ಡಾಯವಲ್ಲದ ಕಾರಣ ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬೆನ್ನಿನ ಜೇಬಿಗೆ ಕೈಹಾಕಿ. ಹಗುರವಾದ ಕಪ್ಪು ಸ್ಪಂಜು ಸಿಕ್ಕಿ, ಅದರ ಮೇಲೆ ಯಾವ ಸಂಖ್ಯೆಯೂ ಇಲ್ಲದಿದ್ದರೆ ಅದು ಜೇಬು ತುಂಬಲು ಇಟ್ಟದ್ದು. ಎಸೆದು, ತೂತುಗಳಿರುವ ಲೆವೆಲ್ 2 ಪ್ಯಾಡ್ ಹಾಕಿ. ಹಳೆಯ ಸ್ಪಂಜನ್ನೇ ಅಳತೆಗೆ ಅಂಗಡಿಗೆ ಒಯ್ಯಿರಿ, ಜೇಬಿನ ಆಕಾರ ಕಂಪನಿಯಿಂದ ಕಂಪನಿಗೆ ಬೇರೆ. ಕೊಳ್ಳುವಾಗಲೇ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಣ್ಣ, ಮಳೆ

ಬೂದು ಅಥವಾ ತಿಳಿ ಬಣ್ಣ ತೆಗೆದುಕೊಳ್ಳಿ. ಅಚ್ಚ ಕಪ್ಪು ಬೇಡವೇ ಬೇಡ. ಒಳಗೆ ಹಾಕುವ ಮಳೆ ಲೈನರ್‌ಗಿಂತ ಮೇಲೆ ಹಾಕುವ ರೈನ್‌ಕೋಟ್ ವಾಸಿ. ಲೈನರ್ ಹಾಕಲು ಜಾಕೆಟ್ ಬಿಚ್ಚಬೇಕು, ಹಾಕಿದ ಮೇಲೂ ಹೊರಗಿನ ಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಆಗುಂಬೆ, ಸಕಲೇಶಪುರದ ಜಡಿಮಳೆಯಲ್ಲಿ ಇದು ದೊಡ್ಡ ಫಜೀತಿ.

ಹಾಕಿ ಹೊರಟ ಮೇಲೆ

ಒಣ ಬಿಸಿಲಿನಲ್ಲಿ ಒಳಗಿನ ಹತ್ತಿ ಟೀಶರ್ಟ್ ನೆನೆಸಿ, ಹಿಂಡಿ ಹಾಕಿಕೊಳ್ಳಿ. ಮೇಲೆ ಜಾಕೆಟ್, ಅದರ ಗಾಳಿಕಿಂಡಿ ಅರ್ಧ ಮುಚ್ಚಿರಲಿ. ಎಲ್ಲ ತೆರೆದರೆ ಬೇಗ ಒಣಗಿ, ಆಮೇಲೆ ಬರೀ ಬಿಸಿಗಾಳಿ ಹೊಡೆಯುತ್ತದೆ. ಒಣಗಿದಾಗ ಪೆಟ್ರೋಲ್ ಬಂಕಿನಲ್ಲಿ ಮತ್ತೆ ನೆನೆಸಿ. ಕರಾವಳಿಯಲ್ಲಿ ಈ ಉಪಾಯ ನಡೆಯದು, ಒದ್ದೆ ಹತ್ತಿ ಒದ್ದೆಯಾಗೇ ಉಳಿದು ಕಂಕುಳ ಕೆರೆಯುತ್ತದೆ. ಅಲ್ಲಿ ತುಂಬುತೋಳಿನ ತೆಳು ಪಾಲಿಯೆಸ್ಟರ್ ಅಂಗಿ ಸರಿ. ಬರಿಮೈ ಮೇಲೆ ಮಾತ್ರ ಜಾಕೆಟ್ ಹಾಕಬೇಡಿ. ತಲೆನೋವು, ಓಕರಿಕೆ, ಬಿಸಿಲಲ್ಲೂ ಮೈ ನಡುಕ ಕಂಡರೆ ತಕ್ಷಣ ನೆರಳಿಗೆ ನಿಲ್ಲಿಸಿ, ಜಾಕೆಟ್ ಬಿಚ್ಚಿ, ಮೈ ಒದ್ದೆ ಮಾಡಿಕೊಳ್ಳಿ. ಇನ್ನು ಹತ್ತೇ ಕಿಲೋಮೀಟರ್ ಎಂದು ಎಳೆಯಬೇಡಿ.

ತೊಳೆಯುವಾಗ ಆರ್ಮರ್ ಎಲ್ಲ ತೆಗೆದು, ವೆಲ್ಕ್ರೋ ಮುಚ್ಚಿ, ತಣ್ಣೀರಲ್ಲಿ ದ್ರವ ಸೋಪು ಹಾಕಿ ಕೈಯಲ್ಲೇ ತೊಳೆಯಿರಿ, ನೆರಳಲ್ಲಿ ಒಣಗಿಸಿ. ಬ್ರಷ್ ಬೇಡ, ಮೆಶ್ ಎಳೆ ಕೀಳುತ್ತದೆ. ಮತ್ತೆ ಜೋಡಿಸುವಾಗ ಎಡ–ಬಲ ಅದಲುಬದಲಾಗದಂತೆ, ಗುಳಿಯ ಬದಿ ಮೈಕಡೆಗೆ ಬರುವಂತೆ ನೋಡಿಕೊಳ್ಳಿ. ನೀವು ಬಿದ್ದಾಗ ಒಮ್ಮೆ ಜೋರು ಪೆಟ್ಟು ತಿಂದ ಪ್ಯಾಡ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಬೀಳದಿದ್ದರೂ, ಮಡಿಸಿದಾಗ ಬಿರುಕು ಬಿಟ್ಟರೆ ಅಥವಾ ಹೆಬ್ಬೆರಳಿಂದ ಒತ್ತಿದ ಗುಳಿ ಹಾಗೇ ಉಳಿದರೆ ಅದರ ಕೆಲಸ ಮುಗಿದಿದೆ. ಪ್ಯಾಡ್ ಬಿಡಿಯಾಗಿ ಸಿಗುತ್ತದೆ, ಹೊಸ ಜಾಕೆಟ್ ಕೊಳ್ಳಬೇಕಿಲ್ಲ.