ವೆಲ್ಡಿಂಗ್ ಇಲ್ಲದೆ ಬೈಕಿಗೆ ಲಗೇಜ್ ರ್ಯಾಕ್

ಉಡುಪಿಯಿಂದ ಆಗುಂಬೆ ಘಾಟಿ ಹತ್ತುವಾಗ ತಿರುವುಗಳಲ್ಲಿ ಪಕ್ಕದ ಚೀಲ ಒಳಕ್ಕೆ ವಾಲಿ ಹಿಂದಿನ ಚಕ್ರಕ್ಕೆ ಉಜ್ಜುತ್ತಿತ್ತು. ಇದು ಅಪಾಯದ ಮಾತು. 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ತಂದು ಮನೆಯಲ್ಲೇ ರ್ಯಾಕ್ ಮಾಡಿದೆ.

ನಿಜವಾದ ಆಸರೆ ಲಾಕಿಂಗ್ ಪ್ಲೈಯರ್. ಹಿಡಿಯ ತುದಿಯ ತಿರುಪಿನಿಂದ ಬಾಯಿಯ ಅಗಲ ಹೊಂದಿಸಿ ಹಿಡಿ ಒತ್ತಿದರೆ ಟಕ್ಕೆಂದು ಬಿಗಿಯುತ್ತದೆ. ಎರಡೂ ಕೈ ಬಿಡುವಾಗುತ್ತವೆ. ಎಡ, ಬಲದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಎರಡು ತುದಿಗಳಲ್ಲಿ ಕಚ್ಚಿಸಿ ಒಟ್ಟಿಗೇ ಕೊರೆದೆ. ಮೊದಲು ಚೂಪು ಮೊನೆಯ ಪಂಚ್‌ನಿಂದ ಗುರುತು, ಆಮೇಲೆ 3 ಮಿ.ಮೀ. ತೂತು, ಕೊನೆಗೆ ಎಂ8 (8 ಮಿ.ಮೀ. ದಪ್ಪದ) ಬೋಲ್ಟಿಗೆ 8.5 ಮಿ.ಮೀ. ತೂತುಗಳು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಬಾಗಿಸುವಾಗ ಪಟ್ಟಿಯನ್ನು ಬೆಂಚ್ ವೈಸ್‌ನಲ್ಲಿ (ಮೇಜಿಗೆ ಬಿಗಿದ ಇಕ್ಕಳದಲ್ಲಿ) ಕಚ್ಚಿಸಿ, ಮಡಿಕೆಯ ಹತ್ತಿರವೇ ಸುತ್ತಿಗೆಯಿಂದ ಹೊಡೆಯಬೇಕು. ದೂರದಲ್ಲಿ ಹೊಡೆದರೆ ಪಟ್ಟಿ ಬಿಲ್ಲಿನಂತಾಗುತ್ತದೆ. ಬೈಕಿನ ಚೌಕಟ್ಟಿಗೆ ಹಿಡಿಸಿ ಅಳತೆ ನೋಡುವಾಗ ಪ್ಲೈಯರ್ ಹಲ್ಲುಗಳಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕೊಡಿ, ಬಣ್ಣ ಉಳಿಯುತ್ತದೆ.

ನಮ್ಮ ಕರಾವಳಿಯ ಉಪ್ಪುಗಾಳಿ ಬರಿಯ ಕಬ್ಬಿಣವನ್ನು ಬಿಡುವುದಿಲ್ಲ. ತೂತುಗಳ ಒಳಗೂ ಜಿಂಕ್ ಪ್ರೈಮರ್ ಹಚ್ಚಿ, ನೈಲಾನ್ ಉಂಗುರವಿರುವ ನಟ್ ಹಾಕಿ. ಘಾಟಿಯ ಮೊದಲ ಓಡಾಟದ ನಂತರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.